ಅಪ್ಪನ ಲೆಕ್ಕವನ್ನು ತಿದ್ದಬಹುದೇ?



ಕಳೆದ ಶ್ರಾವಣದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿಯಲ್ಲಿ ಒಂದು ಪ್ರಶ್ನೆ ಕೇಳಿದಳು. ನಾನು ಥಟ್ಟನೆ ಉತ್ತರ ಕೊಟ್ಟೆ. ಆ ಉತ್ತರ ತಪ್ಪಾಗಿತ್ತು. ಮೂವತ್ತು ವರ್ಷ ತರಗತಿಯಲ್ಲಿ ನಿಂತು ಉತ್ತರ ಹೇಳಿ ಅಭ್ಯಾಸವಾದವನಿಗೆ ‘ಯೋಚಿಸಿ ಹೇಳುತ್ತೇನಮ್ಮ’ ಎಂಬ ಮಾತು ಸುಲಭವಾಗಿ ಬಾಯಿಗೆ ಬರುವುದಿಲ್ಲ. ಅವಳಿಗೆ ಮತ್ತೆ ಕರೆಮಾಡಿ ನನ್ನ ಮಾತನ್ನು ಹಿಂದಕ್ಕೆ ಪಡೆದದ್ದಾಯಿತು. ಆದರೆ ಪ್ರಶ್ನೆ ಅವಳೊಬ್ಬಳದಲ್ಲವೆಂದು ತೋರಿದ್ದರಿಂದ, ಅವಳ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಇಲ್ಲಿ ಬರೆಯುತ್ತಿದ್ದೇನೆ.

ಅವಳ ತಂದೆ ಒಂದು ಸರ್ಕಾರಿ ಪ್ರಯೋಗಾಲಯದಲ್ಲಿ ಆಹಾರ ಪದಾರ್ಥಗಳ ವಿಶ್ಲೇಷಣೆಯ ಕೆಲಸದಲ್ಲಿದ್ದವರು. ರಾಗಿ, ಜೋಳ, ನವಣೆ, ಸಾಮೆ, ಹುರುಳಿ, ಅವರೆ ಹೀಗೆ ನಮ್ಮ ಊಟದ ಧಾನ್ಯಗಳಲ್ಲಿ ಪ್ರೋಟೀನು ಎಷ್ಟು, ಕೊಬ್ಬು ಎಷ್ಟು, ಸುಣ್ಣದಂಶ ಎಷ್ಟು ಎಂದು ಅಳೆಯುತ್ತ ಆಯುಷ್ಯ ಸವೆಸಿದರು. ದೊಡ್ಡ ಹೆಸರು ಮಾಡಿದವರಲ್ಲ. ಸಭೆ ಸಮಾರಂಭಗಳಲ್ಲಿ ಕಾಣಿಸಿಕೊಂಡವರೂ ಅಲ್ಲ. ಅವರು ತೀರಿಕೊಂಡಾಗ ಮನೆಯಲ್ಲಿ ಉಳಿದದ್ದು ದುಂಡಗಿನ ಅಕ್ಷರಗಳಲ್ಲಿ ಬರೆದ ಹನ್ನೊಂದು ನೋಟ್‌ಪುಸ್ತಕಗಳು. ವರ್ಷಾಬ್ದಿಕದ ಹೊತ್ತಿಗೆ ಅವನ್ನು ಪುಸ್ತಕವಾಗಿ ಅಚ್ಚುಹಾಕಿಸಬೇಕೆಂದು ಅವಳ ಅಣ್ಣನ ಆಸೆ. ತಾನೂ ಆಹಾರ ರಸಾಯನಶಾಸ್ತ್ರವನ್ನೇ ಓದಿದ ಮಗಳು ಕರಡು ತಿದ್ದಲು ಕುಳಿತಾಗ ಒಂದು ಸ್ತಂಭದ ಮುಂದೆ ಅವಳ ಪೆನ್ನು ನಿಂತಿತು.

ವಿಷಯ ಸ್ವಲ್ಪ ತಾಂತ್ರಿಕ. ನನ್ನ ವಿದ್ಯಾರ್ಥಿಗಳಾಗಿದ್ದವರು ಇಷ್ಟಕ್ಕೆಲ್ಲ ಹೆದರಬಾರದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಪ್ರಕಟಿಸಿದ, ಗೋಪಾಲನ್ ಮತ್ತು ಸಂಗಡಿಗರ ‘ನ್ಯೂಟ್ರಿಟಿವ್ ವ್ಯಾಲ್ಯೂ ಆಫ್ ಇಂಡಿಯನ್ ಫುಡ್ಸ್’ ಎಂಬ ಪುಸ್ತಕವನ್ನು ದಶಕಗಳ ಕಾಲ ಈ ಕ್ಷೇತ್ರದವರೆಲ್ಲ ಮುಂದಿಟ್ಟುಕೊಂಡು ಕೆಲಸ ಮಾಡಿದ್ದಾರೆ. ಅದರ ಪ್ರಕಾರ 100 ಗ್ರಾಂ ರಾಗಿಯಲ್ಲಿ ನೀರು 13.1 ಗ್ರಾಂ, ಪ್ರೋಟೀನು 7.3, ಕೊಬ್ಬು 1.3, ಖನಿಜಗಳು 2.7, ನಾರು 3.6, ಶರ್ಕರಪಿಷ್ಟ 72. ಕೂಡಿಸಿ ನೋಡಿ, ಸರಿಯಾಗಿ ನೂರಾಗುತ್ತದೆ. ಆಗಲೇಬೇಕು, ಏಕೆಂದರೆ ಕೊನೆಯ ಆ 72ನ್ನು ಯಾರೂ ಅಳೆದದ್ದಲ್ಲ. ಮಿಕ್ಕದ್ದನ್ನೆಲ್ಲ ಅಳೆದು ನೂರರಿಂದ ಕಳೆದಾಗ ಉಳಿದದ್ದು ಅದು. ಇನ್ನು ಪ್ರೋಟೀನಿಗೂ ಶರ್ಕರಪಿಷ್ಟಕ್ಕೂ ಗ್ರಾಮಿಗೆ 4 ಕಿಲೊಕ್ಯಾಲೊರಿ, ಕೊಬ್ಬಿಗೆ 9ರಂತೆ ಗುಣಿಸಿದರೆ 29.2, 11.7 ಮತ್ತು 288, ಒಟ್ಟು 328.9. ಪುಸ್ತಕದಲ್ಲಿ ಅಚ್ಚಾಗಿರುವುದು 328.

ತೊಡಕಿರುವುದು ಆ ನಾರಿನಲ್ಲಿ. ಹಿಟ್ಟನ್ನು ಮೊದಲು ಆಮ್ಲದಲ್ಲಿ, ಆಮೇಲೆ ಕ್ಷಾರದಲ್ಲಿ ಕುದಿಸಿ, ಕರಗದೆ ಉಳಿದದ್ದನ್ನು ತೂಗಿ ‘ಕಚ್ಚಾ ನಾರು’ ಎನ್ನುವುದು ಹಳೆಯ ವಿಧಾನ. 1860ರ ದಶಕದಲ್ಲಿ ಜರ್ಮನಿಯ ವೀಂಡೆ ಎಂಬಲ್ಲಿ ದನಗಳ ಮೇವನ್ನು ಪರೀಕ್ಷಿಸಲು ಹುಟ್ಟಿದ್ದು. ನಮ್ಮ ಕರುಳು ಜೀರ್ಣಿಸಲಾರದ ನಾರಿನಲ್ಲಿ ಬಹುಭಾಗ ಆ ಆಮ್ಲ ಕ್ಷಾರಗಳಲ್ಲೇ ಕರಗಿಹೋಗುತ್ತದೆ. ಹೀಗೆ ಕರಗಿದ್ದು ಲೆಕ್ಕದಲ್ಲಿ ನಾರಾಗದೆ, ಕಳೆದು ಉಳಿದ ಶರ್ಕರಪಿಷ್ಟದೊಳಗೆ ಸೇರಿಕೊಳ್ಳುತ್ತದೆ. ಅದೇ ಸಂಸ್ಥೆ 2017ರಲ್ಲಿ ಹೊಸ ವಿಧಾನಗಳಿಂದ ಅಳೆದು ಪ್ರಕಟಿಸಿದ ಭಾರತೀಯ ಆಹಾರ ಸಂಯೋಜನಾ ಕೋಷ್ಟಕಗಳಲ್ಲಿ ರಾಗಿಯ ನಾರು 11 ಗ್ರಾಂಗಿಂತ ಹೆಚ್ಚು. ಹಿಂದಿನದಕ್ಕೆ ಮೂರು ಪಟ್ಟು! ಅಂದರೆ 72ರಲ್ಲಿ ಏಳೆಂಟು ಗ್ರಾಂ ವಾಸ್ತವದಲ್ಲಿ ಹಿಟ್ಟಿನ ಸತ್ವವಲ್ಲ, ನಾರು.

ತಂದೆಯ ಹನ್ನೊಂದು ಪುಸ್ತಕಗಳಲ್ಲೂ ಇದೇ ಹಳೆಯ ಲೆಕ್ಕ. ಅವರ ಅಳತೆಯಲ್ಲಿ ದೋಷವಿಲ್ಲ, ತಕ್ಕಡಿ ನಿಖರ, ಕೈ ಶುದ್ಧ. ಆದರೆ ಕಾಲದ ವಿಧಾನಕ್ಕೆ ಕಾಣದಿದ್ದದ್ದು ಅವರಿಗೂ ಕಾಣಲಿಲ್ಲ. ‘ಸರ್, ಇದನ್ನು ಹಾಗೇ ಅಚ್ಚುಹಾಕಿದರೆ ಓದಿದವರು ನಿಜವೆಂದು ತಿಳಿಯುತ್ತಾರೆ. ಸಕ್ಕರೆ ಕಾಯಿಲೆಯವರು ಇಂಥ ಪುಸ್ತಕ ನೋಡಿಯೇ ರಾಗಿಮುದ್ದೆಯ ಲೆಕ್ಕ ಹಾಕುತ್ತಾರೆ. ತಿದ್ದೋಣವೆಂದರೆ, ಅಪ್ಪನ ಲೆಕ್ಕವನ್ನು ತಿದ್ದಲು ನೀನು ಯಾರು ಎಂದು ಅಣ್ಣ ಕೇಳುತ್ತಾನೆ. ಏನು ಮಾಡಲಿ?’ ಎಂದಳು.

‘ಹಾಗೆಯೇ ಇರಲಿ ಬಿಡಮ್ಮ, ಅದು ಅವರ ಸ್ಮಾರಕ’ ಎಂದುಬಿಟ್ಟೆ.

ಅವಳು ‘ಸರಿ ಸರ್’ ಎಂದಳು. ಆ ‘ಸರಿ ಸರ್’ ಎಂಥದೆಂದು ಮೇಷ್ಟರಾದವರಿಗೆಲ್ಲ ಗೊತ್ತು. ಒಪ್ಪಿಗೆಯಾಗದಿದ್ದರೂ ವಾದಿಸಲು ಮನಸ್ಸಿಲ್ಲದ ಮಕ್ಕಳು ಹಾಗೆ ಹೇಳುತ್ತಾರೆ. ರಾತ್ರಿ ಅದು ಕಿವಿಯಲ್ಲಿ ಉಳಿಯಿತು.

ಜೊತೆಗೆ ಇನ್ನೊಂದು ಚುಚ್ಚುವಿಕೆ. ಗ್ರಾಮಿಗೆ 4, 4, 9 ಎಂದು ಎಷ್ಟು ತಲೆಮಾರಿನ ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೆ! ಆ ಅಂಕಿಗಳನ್ನು ಯಾರು, ಎಲ್ಲಿ, ಹೇಗೆ ಕಂಡುಹಿಡಿದರೆಂದು ಒಬ್ಬ ವಿದ್ಯಾರ್ಥಿಯೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಈಗ ಬಿಡುವಿದೆ. ಹುಡುಕುತ್ತ ಹೋದರೆ ಅಮೆರಿಕದ ಕನೆಕ್ಟಿಕಟ್ ಪ್ರಾಂತದ ಮಿಡಲ್‌ಟೌನ್ ಎಂಬ ಊರಿನಲ್ಲಿ ಒಬ್ಬ ತಂದೆ ಮತ್ತು ಒಬ್ಬ ಮಗಳು ಸಿಕ್ಕಿದರು. ನನ್ನ ಉತ್ತರ ತಪ್ಪೆಂದು ತಿಳಿದದ್ದು ಅವರಿಂದ.

ತಂದೆ ವಿಲ್ಬರ್ ಆಟ್‌ವಾಟರ್, ಜನನ 1844. ಮೆಥಡಿಸ್ಟ್ ಪಾದ್ರಿಯೊಬ್ಬರ ಮಗ. ಯೇಲ್‌ನಲ್ಲಿ ಮುಸುಕಿನ ಜೋಳದ ರಾಸಾಯನಿಕ ಸಂಯೋಜನೆಯ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದು, ಜರ್ಮನಿಗೆ ಹೋಗಿ, ಮ್ಯೂನಿಕ್‌ನಲ್ಲಿ ಕಾರ್ಲ್ ಫಾಯ್ಟ್ ಅವರ ಪ್ರಯೋಗಾಲಯದಲ್ಲಿ ಆಹಾರದ ಲೆಕ್ಕ ಕಲಿತರು. ಹಿಂದಿರುಗಿ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ರೋಸಾ ಎಂಬ ಭೌತವಿಜ್ಞಾನಿಯ ಜೊತೆಗೂಡಿ, ಮನುಷ್ಯ ಹಿಡಿಯುವಷ್ಟು ದೊಡ್ಡದಾದ ಒಂದು ಪೆಟ್ಟಿಗೆಯನ್ನು ಕಟ್ಟಿದರು. ಒಳಗೆ ಮಡಚುವ ಮಂಚ, ಕುರ್ಚಿ, ಮೇಜು. ಒಬ್ಬ ತರುಣನನ್ನು ಒಳಗಿಟ್ಟು ಮುಚ್ಚಿದರೆ ಆತ ಅಲ್ಲೇ ಕೆಲವು ದಿನ ಉಣ್ಣಬೇಕು, ಮಲಗಬೇಕು, ಓದಬೇಕು. ಕೆಲವು ಪ್ರಯೋಗಗಳಲ್ಲಿ ನಿಂತಲ್ಲೇ ನಿಂತ ಸೈಕಲ್ ತುಳಿಯಬೇಕು. ಒಳಗೆ ಹೋದ ಅನ್ನ, ಹೊರಬಂದ ಉಸಿರು, ಮಲಮೂತ್ರ, ಮೈಯ ಶಾಖ ಎಲ್ಲವನ್ನೂ ತೂಗಿ ಬರೆದಿಡುತ್ತಿದ್ದರು. ಶಾಖವನ್ನು ಅಳೆದದ್ದು ಕೊಳವೆಗಳಲ್ಲಿ ಹರಿಯುವ ತಣ್ಣೀರು ಎಷ್ಟು ಬಿಸಿಯಾಯಿತು ಎಂಬುದರಿಂದ. ಮನುಷ್ಯರ ಮೇಲಿನ ಮೊದಲ ಪ್ರಯೋಗಗಳು 1896ರಲ್ಲಿ ನಡೆದವು. ಇಂದು ಬಿಸ್ಕತ್ತಿನ ಪೊಟ್ಟಣದ ಬೆನ್ನಿನ ಮೇಲೆ ನೀವು ಓದುವ ಶಕ್ತಿಯ ಅಂಕಿಯ ತವರು ಮಿಡಲ್‌ಟೌನ್.

ಇಲ್ಲೊಂದು ಮಾತನ್ನು ಗಮನಿಸಬೇಕು. ಮ್ಯೂನಿಕ್ ಬಳಗದ ಮಾಕ್ಸ್ ರೂಬ್ನರ್ ಅವರು ಆಗಲೇ 4.1, 9.3, 4.1 ಎಂಬ ಅಂಕಿಗಳನ್ನು ಕೊಟ್ಟಿದ್ದರು. ಗುರುಮನೆಯಿಂದ ಬಂದ ಅಂಕಿ, ಹಾಗೆಯೇ ಇರಲಿ ಎಂದು ಆಟ್‌ವಾಟರ್ ಸುಮ್ಮನಾಗಲಿಲ್ಲ. ಜೀರ್ಣವಾಗದೆ ಹೊರಹೋಗುವುದೆಷ್ಟು ಎಂಬುದನ್ನು ತಾವೇ ಅಳೆದು ತಿದ್ದಿದ್ದರಿಂದ ನಮ್ಮ 4, 9, 4 ಬಂತು.

ಅವರ ಸ್ವಭಾವವನ್ನು ಹೇಳುವ ಇನ್ನೊಂದು ಪ್ರಸಂಗವಿದೆ. ಮದ್ಯಸಾರವು ದೇಹದಲ್ಲಿ ಉರಿದು ಶಕ್ತಿ ಕೊಡುತ್ತದೆಯೇ ಎಂದು ಅದೇ ಪೆಟ್ಟಿಗೆಯಲ್ಲಿ ಪರೀಕ್ಷಿಸಿದರು. ಕೊಡುತ್ತದೆ ಎಂದು ಉತ್ತರ ಬಂತು. ಪಾನವಿರೋಧಿ ಚಳವಳಿ ಬಿರುಸಾಗಿದ್ದ ಕಾಲ; ಮದ್ಯ ಶುದ್ಧ ವಿಷ, ಆಹಾರಗುಣ ಅದಕ್ಕೆ ಇಲ್ಲವೇ ಇಲ್ಲ ಎಂದು ಶಾಲಾ ಪಠ್ಯಗಳಲ್ಲೇ ಬರೆಸಿದ್ದರು. ಆಟ್‌ವಾಟರ್ ತಾವು ಪಾದ್ರಿಯ ಮಗ, ಕೆಲಸ ಮಾಡುತ್ತಿದ್ದುದು ಮೆಥಡಿಸ್ಟರು ಸ್ಥಾಪಿಸಿದ ವಿದ್ಯಾಸಂಸ್ಥೆಯಲ್ಲಿ. ಆದರೂ ಫಲಿತಾಂಶವನ್ನು ಮುಚ್ಚಿಡಲಿಲ್ಲ. ಪಾನವಿರೋಧಿಗಳು ಉರಿದುಬಿದ್ದರು, ಹೆಂಡದ ವ್ಯಾಪಾರಿಗಳು ಸಂತೋಷದಿಂದ ಅವರ ಹೆಸರನ್ನು ಜಾಹೀರಾತಿಗೆ ಬಳಸಿಕೊಂಡರು. ಎರಡೂ ಕಡೆಯಿಂದ ಅವರಿಗೆ ನೋವೇ. ಕುಡಿತವನ್ನು ಸುಳ್ಳಿನ ಬಲದಿಂದ ಬಿಡಿಸಹೊರಟರೆ ಸುಳ್ಳು ಬಯಲಾದ ದಿನ ಕುಡಿತವೂ ಉಳಿಯುತ್ತದೆ, ಮೇಷ್ಟರ ಮಾತಿನ ಬೆಲೆಯೂ ಹೋಗುತ್ತದೆ ಎಂದು ನನಗಂತೂ ಅನ್ನಿಸುತ್ತದೆ. ಆದರೆ ಅದು ಬೇರೆ ಮಾತು.

ಇಷ್ಟು ನಿಷ್ಠುರವಾಗಿ ಅಳೆದವರು ತಪ್ಪು ಮಾಡಲಿಲ್ಲವೇ? ಮಾಡಿದರು, ಸಣ್ಣ ತಪ್ಪುಗಳನ್ನಲ್ಲ. ಶ್ರಮದ ಕೆಲಸಗಾರನಿಗೆ ದಿನಕ್ಕೆ 125 ಗ್ರಾಂ ಪ್ರೋಟೀನು ಬೇಕೆಂದರು. ಯೇಲ್‌ನ ಚಿಟೆಂಡನ್ 1904ರಲ್ಲಿ ಅದರ ಅರ್ಧದಷ್ಟು ಸಾಕೆಂದು ತೋರಿಸಿದರು. (65 ಕಿಲೊ ತೂಕದ ಗಂಡಸಿಗೆ 54 ಗ್ರಾಂ ಎಂದು ನಮ್ಮ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ಹೇಳಿದೆ.) ಎರಡನೆಯದು ಇನ್ನೂ ದೊಡ್ಡದು. ಬಡ ಕಾರ್ಮಿಕನ ಸಂಬಳದಲ್ಲಿ ಹೆಚ್ಚು ಪೋಷಣೆ ಸಿಗಬೇಕೆಂಬ ಕಳಕಳಿಯಿಂದ, ಕೊಟ್ಟ ಕಾಸಿಗೆ ಎಷ್ಟು ಪ್ರೋಟೀನು, ಎಷ್ಟು ಶಾಖ ಎಂಬ ಲೆಕ್ಕ ಹಾಕಿ 1894ರಲ್ಲಿ ಸರ್ಕಾರದ ಕೃಷಿ ಇಲಾಖೆಯಿಂದ ಕೈಪಿಡಿ ಹೊರಡಿಸಿದರು. ಆ ತಕ್ಕಡಿಯಲ್ಲಿ ಹಿಟ್ಟು, ಬೇಳೆ, ಅಗ್ಗದ ಮಾಂಸ ಗೆಲ್ಲುತ್ತವೆ. ಸೊಪ್ಪು, ತರಕಾರಿ, ಕಿತ್ತಳೆ ಸೋಲುತ್ತವೆ. ಸೊಪ್ಪಿನಲ್ಲಿ ಇರುವುದು ಹೆಚ್ಚಾಗಿ ನೀರಲ್ಲವೇ! ಜೀವಸತ್ವವೆಂಬ ಮಾತೇ ಆಗ ಹುಟ್ಟಿರಲಿಲ್ಲ. ಕಾಸಿಮಿರ್ ಫಂಕ್ ಆ ಹೆಸರಿಟ್ಟದ್ದು 1912ರಲ್ಲಿ. ಆಟ್‌ವಾಟರ್ 1904ರಲ್ಲಿ ಪಾರ್ಶ್ವವಾಯುವಿಗೆ ತುತ್ತಾಗಿ, ಮತ್ತೆ ಕೆಲಸಕ್ಕೆ ಮರಳಲಾರದೆ, 1907ರಲ್ಲಿ ತೀರಿಕೊಂಡಿದ್ದರು.

ಈಗ ಮಗಳು. ಹೆಲೆನ್ ಆಟ್‌ವಾಟರ್ 1876ರಲ್ಲಿ ಹುಟ್ಟಿದರು. 1897ರಲ್ಲಿ ಸ್ಮಿತ್ ಕಾಲೇಜಿನಲ್ಲಿ ಪದವಿ ಪಡೆದು ನೇರವಾಗಿ ತಂದೆಯ ಬಳಿಗೆ ಬಂದು, ಅವರ ಬರಹಗಳನ್ನು ಸಿದ್ಧಪಡಿಸುವುದರಲ್ಲಿ ನೆರವಾದರು. ಸುಮಾರು ಹತ್ತು ವರ್ಷ ಇದೇ ಕೆಲಸ. ಕೊನೆಯ ಮೂರು ವರ್ಷ ತಂದೆ ಹಾಸಿಗೆ ಹಿಡಿದ ಕಾಲವೆಂದರೆ ಆ ಮನೆಯಲ್ಲಿ ಅವರ ಪಾಲಿಗೆ ಏನೇನು ಬಂದಿತ್ತೋ ಊಹಿಸಿಕೊಳ್ಳಬಹುದು. ತಂದೆ ಹೋದ ಮೇಲೆ ಪ್ರಯೋಗಾಲಯದ ವಿದ್ಯೆ ಮುಂದುವರಿದದ್ದು ಶಿಷ್ಯ ಫ್ರಾನ್ಸಿಸ್ ಬೆನೆಡಿಕ್ಟ್ ಅವರ ಕೈಯಲ್ಲಿ. ಬಾಸ್ಟನ್‌ನಲ್ಲಿ ಹೊಸದಾಗಿ ಆರಂಭವಾದ ಕಾರ್ನೆಗಿ ಪೋಷಣಾ ಪ್ರಯೋಗಾಲಯಕ್ಕೆ ಅವರೇ ನಿರ್ದೇಶಕರಾದರು. ಮಗಳು ವಿಜ್ಞಾನಿಯಲ್ಲ, ಅವರ ಬಳಿಯಿದ್ದದ್ದು ಲೇಖನಿ. 1909ರಲ್ಲಿ ಕೃಷಿ ಇಲಾಖೆಗೆ ಸೇರಿ, ಗೃಹಿಣಿಯರಿಗೆ ಅರ್ಥವಾಗುವಂತೆ ಆಹಾರ ವಿಜ್ಞಾನವನ್ನು ಬರೆಯತೊಡಗಿದರು. ಬ್ರೆಡ್ಡಿನ ಬಗ್ಗೆ ಅವರದೊಂದು ಕೈಪಿಡಿ 1910ರಲ್ಲಿ ಬಂತು. ಮುಂದೆ 1923ರಿಂದ 1941ರವರೆಗೆ ಗೃಹವಿಜ್ಞಾನದ ಪತ್ರಿಕೆಯೊಂದರ ಸಂಪಾದಕಿಯಾಗಿದ್ದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು 1917ರ ಒಂದು ಚಿಕ್ಕ ಕೈಪಿಡಿ. ಹೆಲೆನ್ ಮತ್ತು ಕ್ಯಾರೊಲೈನ್ ಹಂಟ್ ಕೂಡಿ ಬರೆದದ್ದು. ಆಹಾರವನ್ನು ಆರಿಸುವುದು ಹೇಗೆ ಎಂಬುದು ಅದರ ವಿಷಯ. ಇದರಲ್ಲಿ ಆಹಾರವನ್ನು ಐದು ಗುಂಪುಗಳಾಗಿ ವಿಂಗಡಿಸಿದ್ದಾರೆ: ಹಣ್ಣು ತರಕಾರಿ, ಮಾಂಸ ಮತ್ತಿತರ ಪ್ರೋಟೀನುಭರಿತ ಪದಾರ್ಥ, ಧಾನ್ಯ, ಸಿಹಿ, ಕೊಬ್ಬು. ನಮ್ಮ ಶಾಲೆಯ ಗೋಡೆಗಳ ಮೇಲೆ ತೂಗುಹಾಕುತ್ತಿದ್ದ ಆಹಾರ ಗುಂಪುಗಳ ಚಿತ್ರಪಟ ಇಂಥ ವಿಂಗಡಣೆಗಳ ವಂಶದ್ದೇ. ತಂದೆಯ ಲೆಕ್ಕದಲ್ಲಿ ದುಬಾರಿ ನೀರಾಗಿದ್ದ ಸೊಪ್ಪು ತರಕಾರಿ, ಮಗಳ ಲೆಕ್ಕದಲ್ಲಿ ಬಿಡಲಾಗದ ಒಂದು ಗುಂಪಾಗಿ ನಿಂತಿದೆ. ಹೊರಡಿಸಿದ್ದು ಅದೇ ಇಲಾಖೆ, ಮೇಲಿರುವುದು ಅದೇ ಮನೆತನದ ಹೆಸರು. ಇಪ್ಪತ್ತಮೂರು ವರ್ಷ ಮಾತ್ರ ನಡುವೆ.

ತಂದೆಯ ಮೇಲೆ ದೂರು ಹೇಳುವ ಪುಸ್ತಕವಲ್ಲ ಅದು. ಶಾಖ, ಪ್ರೋಟೀನುಗಳ ಲೆಕ್ಕವನ್ನು ಅವರು ಬಿಟ್ಟುಕೊಡಲಿಲ್ಲ. ವಿಲ್ಬರ್ ಆಟ್‌ವಾಟರ್ ಅವರ ತಕ್ಕಡಿಗೆ ಕಾಣದಿದ್ದ ಒಂದು ಪದಾರ್ಥವನ್ನು ಪಕ್ಕದಲ್ಲಿಟ್ಟರು, ಅಷ್ಟೆ. ಇದನ್ನು ಓದಿದ ಮೇಲೆ ‘ಹಾಗೆಯೇ ಇರಲಿ ಬಿಡಮ್ಮ’ ಎಂದ ನನ್ನ ನಾಲಿಗೆಯನ್ನು ನಾನೇ ಕಚ್ಚಿಕೊಂಡೆ.

ನಮ್ಮಲ್ಲಿ ಪಿತೃಋಣ, ಋಷಿಋಣ ಎಂದು ಬೇರೆ ಬೇರೆ ಹೇಳಿದ್ದಾರೆ. ತಂದೆಗೆ ಕೊಡಬೇಕಾದದ್ದು ಒಂದು, ವಿದ್ಯೆಗೆ ಕೊಡಬೇಕಾದದ್ದು ಇನ್ನೊಂದು. ತಂದೆಯೇ ವಿದ್ಯಾವಂತನಾಗಿ, ಆ ವಿದ್ಯೆಯನ್ನೇ ಮಗಳು ಹಿಡಿದಾಗ ಎರಡು ಸಾಲಗಳೂ ಒಬ್ಬಳ ತಲೆಯ ಮೇಲೆ ಬೀಳುತ್ತವೆ, ಒಮ್ಮೊಮ್ಮೆ ಒಂದು ಇನ್ನೊಂದಕ್ಕೆ ಅಡ್ಡ ಬರುವಂತೆಯೂ ಕಾಣುತ್ತದೆ. ಅವಳ ಅಣ್ಣನನ್ನು ನಾನು ಹಳಿಯಲಾರೆ. ಅವನು ಪಿತೃಋಣದ ಕಡೆಯಿಂದ ಮಾತನಾಡುತ್ತಿದ್ದಾನೆ. ಆ ಪುಸ್ತಕದಲ್ಲಿ ಅವನಿಗೆ ಕಾಣುವುದು ಅಪ್ಪನ ಕೈಬರಹ. ಅವಳಿಗೆ ಕಾಣುವುದು ಅಂಕಿ. ಅಪ್ಪ ನೆಟ್ಟ ಆಲದ ಮರದ ಗಾದೆ ನಿಮಗೆಲ್ಲ ಗೊತ್ತು. ಅದನ್ನು ನಾವು ಮೂಢನಂಬಿಕೆಯವರ ಮೇಲೆ ಧಾರಾಳವಾಗಿ ಪ್ರಯೋಗಿಸುತ್ತೇವೆ. ಅಪ್ಪ ವಿಜ್ಞಾನಿಯಾಗಿದ್ದರೆ ಮಾತ್ರ ಆ ಮರಕ್ಕೆ ಕಟ್ಟೆ ಕಟ್ಟಿಸಿ ಪ್ರದಕ್ಷಿಣೆ ಹಾಕುತ್ತೇವೆ. ದತ್ತಿ ಉಪನ್ಯಾಸ, ಭಾವಚಿತ್ರ, ಶಾಲು, ಹಾರ. ಇವು ಬೇಡವೆನ್ನುವುದಿಲ್ಲ. ಆದರೆ ಒಬ್ಬ ವಿಶ್ಲೇಷಕನ ಸ್ಮರಣಾರ್ಥ ಒಂದು ಗ್ರಾಂ ಹಿಟ್ಟನ್ನೂ ಯಾರೂ ಮತ್ತೆ ತೂಗದೆ ಇದ್ದರೆ, ಆ ಮನುಷ್ಯ ಜೀವಮಾನವಿಡೀ ಮಾಡಿದ್ದೇನು ಎಂಬುದನ್ನೇ ನಾವು ಮರೆತಂತಾಯಿತು.

ಆಟ್‌ವಾಟರ್ ಅವರ ಅಂಕಿಗಳನ್ನು ಅವರದೇ ರೀತಿಯಿಂದ ತಿದ್ದುವ ಕೆಲಸ ಇನ್ನೂ ನಿಂತಿಲ್ಲ. ಅಮೆರಿಕದ ಅದೇ ಕೃಷಿ ಇಲಾಖೆಯ ವಿಜ್ಞಾನಿಗಳು ಸ್ವಯಂಸೇವಕರಿಗೆ ಬಾದಾಮಿ ತಿನ್ನಿಸಿ, ಹೊರಬಂದದ್ದನ್ನು ಅಳೆದು, 28 ಗ್ರಾಂ ಬಾದಾಮಿ ಕೊಡುವುದು ಹಳೆಯ ಲೆಕ್ಕದ ಸುಮಾರು 170 ಅಲ್ಲ, 129 ಕಿಲೊಕ್ಯಾಲೊರಿ ಎಂದು 2012ರಲ್ಲಿ ಪ್ರಕಟಿಸಿದರು. ಬಾದಾಮಿಯ ಕೋಶಗಳ ಗೋಡೆಯೊಳಗೆ ಸಿಕ್ಕಿಬಿದ್ದ ಕೊಬ್ಬು ಪೂರ್ತಿ ಜೀರ್ಣವಾಗದೆ ಹೊರಟುಹೋಗುತ್ತದಂತೆ. ತಿನ್ನಿಸಿ, ಹೊರಬಂದದ್ದನ್ನು ತೂಗಿ, ಕಳೆದು ನೋಡುವುದು ಮಿಡಲ್‌ಟೌನ್ ವಿದ್ಯೆಯೇ. ಆ ವಿಜ್ಞಾನಿಗಳು ಯಾರೂ ಅವರ ರಕ್ತಸಂಬಂಧಿಗಳಲ್ಲ. ವಾರಸುದಾರರು ಎಂದರೆ ನನಗೆ ಇವರೂ ವಾರಸುದಾರರೇ.

ನನ್ನ ತಪ್ಪೊಪ್ಪಿಗೆಯೂ ಒಂದಿದೆ. ನಾರಿನಂಶವು ಕರುಳನ್ನು ಗುಡಿಸುವ ಪೊರಕೆ, ಅದರಿಂದ ಶಕ್ತಿ ಸೊನ್ನೆ ಎಂದು ನಿಮಗೆಲ್ಲ ಕಲಿಸಿದವನು ನಾನೇ. ಕರುಳಿನ ಸೂಕ್ಷ್ಮಜೀವಿಗಳು ಅದರ ಒಂದು ಭಾಗವನ್ನು ಹುದುಗಿಸಿ ನಮಗೂ ಸ್ವಲ್ಪ ಶಕ್ತಿ ಒದಗಿಸುತ್ತವೆ. ಗ್ರಾಮಿಗೆ ಸರಾಸರಿ 2 ಕಿಲೊಕ್ಯಾಲೊರಿ ಎಂದು ಹಿಡಿಯಬೇಕೆನ್ನುವುದು ಈಗಿನ ರೂಢಿ. ಪರೀಕ್ಷೆಯಲ್ಲಿ ಸೊನ್ನೆ ಎಂದು ಬರೆದು ನನ್ನಿಂದ ಅಂಕ ಪಡೆದವರೆಲ್ಲ ದಯವಿಟ್ಟು ತಿದ್ದಿಕೊಳ್ಳಿ. ಅಂಕವನ್ನು ಹಿಂದಕ್ಕೆ ಕೇಳುವುದಿಲ್ಲ.

ಎರಡನೆಯ ಸಲ ಕರೆ ಮಾಡಿದಾಗ ಅವಳಿಗೆ ಹೇಳಿದ್ದಿಷ್ಟು. ತಂದೆಯ ಅಂಕಿಗಳನ್ನು ಅಳಿಸಬೇಡ. ಅವರು ತೂಗಿದ್ದು ತೂಗಿದ್ದೇ. ನೀರು, ಬೂದಿ, ಸಾರಜನಕ ಎಲ್ಲವೂ ಅವರ ಹೆಸರಿನಲ್ಲೇ ಉಳಿಯಲಿ. ಕಳೆದು ಪಡೆದ ಸ್ತಂಭಗಳ ಮುಂದೆ, ಇದು ಕಚ್ಚಾ ನಾರಿನ ವಿಧಾನದ ಲೆಕ್ಕ ಎಂದು ಸ್ಪಷ್ಟವಾಗಿ ಬರೆ. ಪಕ್ಕದಲ್ಲಿ ಇನ್ನೊಂದು ಸ್ತಂಭ ಎಳೆದು, ಹೊಸ ವಿಧಾನದಿಂದ ಅಳೆಸಿ, ಅದರ ಕೆಳಗೆ ನಿನ್ನ ಹೆಸರು ಹಾಕು. ಹಳೆಯ ಅಂಕಿಯಿಂದ ಹೊಸದನ್ನು ಊಹಿಸಿ ತುಂಬಬೇಡ. ಹಿಟ್ಟನ್ನು ಮತ್ತೆ ತೂಗಲೇಬೇಕು.

‘ಅಷ್ಟರೊಳಗೆ ವರ್ಷಾಬ್ದಿಕ ಮುಗಿದುಹೋಗುತ್ತದೆ ಸರ್’ ಎಂದಳು. ಮುಗಿಯಲಿ ಎಂದೆ. ಅವಳು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ ನಾಲ್ಕನೆಯ ನೋಟ್‌ಪುಸ್ತಕದ ಸಂಗತಿ ಹೇಳಿದಳು. ಅದರಲ್ಲಿ ಹುರುಳಿಯ ಪುಟವೊಂದನ್ನು ತಂದೆ ಮೂರು ಸಲ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಮೂರು ಸಲವೂ ದಿನಾಂಕ ಸಮೇತ ರುಜು ಮಾಡಿ, ಮತ್ತೆ ಬರೆದಿದ್ದಾರಂತೆ. ಆ ಪುಟವನ್ನು ಅಣ್ಣನಿಗೆ ತೋರಿಸುತ್ತೇನೆ ಎಂದಳು. ತೋರಿಸಿದ್ದಾಳೆ. ಅವನು ಇನ್ನೂ ಪೂರ್ತಿ ಒಪ್ಪಿಲ್ಲ. ಅಚ್ಚಿನ ಕೆಲಸವನ್ನು ಮಾತ್ರ ಮುಂದೂಡಿದ್ದಾನೆ.

ವರ್ಷಾಬ್ದಿಕ ಪುಸ್ತಕವಿಲ್ಲದೆಯೇ ನಡೆಯಿತು. ಈಗ ಅವಳಿಗೆ ಬೇಕಾಗಿರುವುದು ಎರಡು. ರಾಗಿ, ನವಣೆ, ಹುರುಳಿಗಳ ಹಳೆಯ ನಾಟಿ ತಳಿಗಳನ್ನು ಇನ್ನೂ ಬೆಳೆಯುವವರಿಂದ ಒಂದೊಂದು ಸೇರು ಕಾಳು. ಮತ್ತು ಕಿಣ್ವಗಳ ವಿಧಾನದಿಂದ ನಾರನ್ನು ಅಳೆಯುವ ಸೌಲಭ್ಯವುಳ್ಳ ಪ್ರಯೋಗಾಲಯ. ಕಾಳಿನ ವಿಷಯದಲ್ಲಿ ನಮ್ಮ ನೆಂಟರಲ್ಲಿ ಹೊಲ ಉಳಿಸಿಕೊಂಡವರು ಕೈಜೋಡಿಸಬೇಕು. ಪ್ರಯೋಗಾಲಯದ ವಿಷಯದಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಆ ಕಡೆ ಕೆಲಸ ಮಾಡುತ್ತಿರುವವರು ಇಬ್ಬರೋ ಮೂವರೋ ಇದ್ದೀರಿ. ಯಾರೆಂದು ನಿಮಗೇ ಗೊತ್ತು. ದಯವಿಟ್ಟು ನನಗೆ ತಿಳಿಸಿ, ಅವಳಿಗೆ ಮುಟ್ಟಿಸುತ್ತೇನೆ. ಕಾಳು ಕಳುಹಿಸುವವರು ತಳಿಯ ಹೆಸರು, ಊರು, ಕೊಯ್ಲಿನ ತಿಂಗಳು ಇಷ್ಟನ್ನು ಚೀಟಿಯಲ್ಲಿ ಬರೆದು ಚೀಲದೊಳಗೇ ಹಾಕಿ. ಚೀಲದ ಹೊರಗೆ ಬರೆದರೆ ಅಳಿಸಿಹೋಗುತ್ತದೆ.